ಕೊಕ್ಕರೆಯ ಮನೆಯೊಳಗಿನ ಹಗ್ಗ

ಮಾನ್ಯ ಓದುಗರಲ್ಲಿ ಸವಿನಯ ಅರಿಕೆ.

ಮೊಟ್ಟಮೊದಲಿಗೆ ನನ್ನ ಕಾಗುಣಿತಕ್ಕೂ ಕೈಬರಹಕ್ಕೂ ಕ್ಷಮೆ ಕೋರುತ್ತೇನೆ. ನಾನು ಥಾಣೆಯ ಒಂದು ಕಚೇರಿಯಲ್ಲಿ ಪತ್ರವ್ಯವಹಾರ ನೋಡಿಕೊಂಡು ನಿವೃತ್ತಳಾದವಳು. ಅಲ್ಲಿ ಬರೆದದ್ದೆಲ್ಲ ಇಂಗ್ಲಿಷ್ ಮತ್ತು ಮರಾಠಿ. ಶಾಲೆ ಬಿಟ್ಟ ಮೇಲೆ ಕನ್ನಡವನ್ನು ಕೈಯಿಂದ ಬರೆದದ್ದು ತೀರ ಕಡಿಮೆ. ಒತ್ತಕ್ಷರಗಳು ಒಂದರ ಮೇಲೊಂದು ಬಿದ್ದಿರುವುದು ಆ ಕಾರಣಕ್ಕೆ. ಅರ್ಜಿಯ ಧಾಟಿಯನ್ನು ಬಿಟ್ಟು ಬೇರೆ ಧಾಟಿಯೂ ನನಗೆ ಒಗ್ಗದು. ಇಷ್ಟಾದರೂ ಬರೆಯಲು ಧೈರ್ಯ ಮಾಡಿದ್ದೇಕೆಂದರೆ, ಮಕ್ಕಳಿಗಾಗಿ ಮಾಡಿದ ಒಂದು ಚಿತ್ರಪುಸ್ತಕದ ವಿಷಯದಲ್ಲಿ ನನ್ನ ಮೇಲೆ ದೊಡ್ಡ ಋಣವಿದೆ. ಅದನ್ನು ತಮ್ಮ ಸಮಕ್ಷಮದಲ್ಲಿ ಹೇಳಿಕೊಳ್ಳಬೇಕಾಗಿದೆ.

ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ನಮ್ಮ ಮನೆಯ ನೇರ ಮೇಲೆ ಒಂದು ಮರಾಠಿ ಕುಟುಂಬವಿದೆ. ಆ ಮನೆಯಾಕೆ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದವರು. ಅವರನ್ನು ನಾನು ವಹಿನಿ, ಅಂದರೆ ಅತ್ತಿಗೆ ಎಂದು ಕರೆಯುತ್ತೇನೆ. ಮದುವೆಯಾಗಿ ಉಡುಪಿ ಕಡೆಯಿಂದ ಬಂದಾಗ ನನಗೆ ತುಳು, ಕನ್ನಡ ಬಿಟ್ಟರೆ ಬೇರೆ ಮಾತು ಬರುತ್ತಿರಲಿಲ್ಲ. ಭಾಜಿ ಮಾರ್ಕೆಟ್ಟಿನಲ್ಲಿ ತರಕಾರಿಗೆ ಚೌಕಾಸಿ ಮಾಡುವುದನ್ನೂ, ಥಾಣೆಯಲ್ಲಿ ಇಳಿಯಬೇಕಾದರೆ ಲೋಕಲ್ ರೈಲಿನಲ್ಲಿ ಯಾವಾಗ ಬಾಗಿಲ ಕಡೆ ಸರಿಯಬೇಕೆಂಬುದನ್ನೂ ಕಲಿಸಿದವರು ವಹಿನಿ. ನಾನು ಕಚೇರಿಗೆ ಹೋದ ಮೇಲೆ ನನ್ನ ಮಗಳು ಬೆಳೆದದ್ದು ಅವರ ಮನೆಯಲ್ಲಿ. ಮಗಳ ಮೊದಲ ಮಾತುಗಳು ಮರಾಠಿಯಲ್ಲಿ ಬಂದಾಗ ನಮ್ಮ ಅತ್ತೆ ಮುಖ ಊದಿಸಿಕೊಂಡರು. ನನಗೆ ಮಾತ್ರ ನೆಮ್ಮದಿಯಾಯಿತು. ಮಗು ಮಾತು ಕಲಿಯುವಷ್ಟು ಯಾರೋ ಅದರೊಡನೆ ದಿನವಿಡೀ ಮಾತನಾಡುತ್ತಿದ್ದಾರಲ್ಲ ಎಂದು.

ಇಂತಹ ಸಂಬಂಧ ಕೆಟ್ಟದ್ದು ಸಂಡಿಗೆಯಿಂದ. ಒಂದು ಬೇಸಿಗೆಯಲ್ಲಿ, ಪೆಟ್ಟಿಗೆಯಂತೆ ಹೊರಬಂದ ಕಿಟಕಿಯ ಗ್ರಿಲ್ಲಿನಲ್ಲಿ ಹಳೆಯ ಪಂಚೆ ಹಾಸಿ ಅಕ್ಕಿ ಸಂಡಿಗೆ ಹಾಕಿದ್ದೆ. ಮೇಲಿನ ಗ್ರಿಲ್ಲಿನಲ್ಲಿ ವಹಿನಿ ಹೊಸ ಸೀರೆಯೊಂದನ್ನು ಒಗೆದು ಹರವಿದರು. ಮಧ್ಯಾಹ್ನ ನೋಡಿದರೆ ಸಂಡಿಗೆಯೆಲ್ಲ ನೀಲಿ. ನಾನು ಕಿಟಕಿಯಿಂದ ಕತ್ತು ಚಾಚಿ ಕೂಗಿದೆ. ಅವರ ಮರಾಠಿಯನ್ನೂ ನನ್ನ ಮರಾಠಿಯನ್ನೂ ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ.

“ವಹಿನಿ, ಬಟ್ಟೆ ಹಿಂಡಿ ಹಾಕುವ ಪದ್ಧತಿ ನಿಮ್ಮಲ್ಲಿ ಇಲ್ವಾ?”

“ಕೈ ನೋವು, ಹಿಂಡೋಕೆ ಆಗಲ್ಲ. ಸಂಡಿಗೆ ಅಂಗಡೀಲಿ ಸಿಗೋದಿಲ್ವಾ ನಿಂಗೆ?”

“ಅಂಗಡೀಲಿ ವಾಷಿಂಗ್ ಮಷೀನೂ ಸಿಗ್ತದೆ!”

“ಅಷ್ಟು ಬೇಕಿದ್ರೆ ನಿನ್ನ ಊರಿಗೆ ಹೋಗಿ ಹಾಕು ಸಂಡಿಗೆ!”

ಕಟ್ಟಡವಿಡೀ ಕೇಳಿಸಿಕೊಂಡಿತು. ಊರಿಗೆ ಹೋಗು ಎಂಬ ಮಾತನ್ನು ಈ ಪಟ್ಟಣದಲ್ಲಿ ಬೇರೆಯವರಿಂದ ಕೇಳಿದ್ದೆ, ಮರೆತಿದ್ದೆ. ನನ್ನನ್ನು ಈ ಊರಿನವಳನ್ನಾಗಿ ಮಾಡಿದವರ ಬಾಯಿಂದ ಕೇಳಿದ್ದನ್ನು ಮರೆಯಲಾಗಲಿಲ್ಲ. ಅಂದಿನಿಂದ ಮಾತು ನಿಂತಿತು. ಮೆಟ್ಟಿಲಲ್ಲಿ ಎದುರಾದರೆ ಇಬ್ಬರೂ ಮೊಬೈಲು ನೋಡುತ್ತಿದ್ದೆವು. ನಾನು ಸಂಡಿಗೆ ಹಾಕುವುದನ್ನೇ ಬಿಟ್ಟೆ. ಆಕೆಯಿಲ್ಲದೆ ಮನೆಯ ಮೇಲೆ ಸೂರು ಮಾತ್ರ ಇದೆ ಎಂಬಂತೆ ಅನ್ನಿಸುತ್ತಿತ್ತು. ಆದರೆ ಹತ್ತಿ ಹೋಗಿ ಹೇಳುವ ದಾರಿ ತೋಚಲಿಲ್ಲ.

ನಿವೃತ್ತಿಯ ಬಳಿಕ ಭಾನುವಾರಗಳಂದು ನಾನು ಇಲ್ಲಿನ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೇನೆ. ನಮ್ಮ ಕಡೆಯ ಹೋಟೆಲ್ ಮಾಲೀಕರೊಬ್ಬರು ತಮ್ಮ ಹೋಟೆಲಿನ ಮೇಲಿನ ಕೋಣೆಯನ್ನು ಪಾಠಕ್ಕೆ ಬಿಟ್ಟುಕೊಟ್ಟಿದ್ದಾರೆ. ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರಿಸುತ್ತಾರೆ. ಅವರಿಗೆ ಗೊತ್ತಿರುವ ಜಾಗದ ಕಥೆಯಿದ್ದರೆ ಓದಿಯಾರು ಎಂದು ನಾನೇ ಒಂದನ್ನು ಬರೆದೆ. ರೈಲಿನಿಂದ ಕಾಣುವ ಖಾಡಿಯಲ್ಲಿ, ಅಂದರೆ ಕಡಲ ಹಿನ್ನೀರಿನಲ್ಲಿ, ಮೇಲ್ಗಡೆ ಕೊಂಬೆಯ ಮೇಲೆ ಕೊಕ್ಕರೆಯ ಮನೆ, ಕೆಳಗೆ ಕಲ್ಲಿನ ಮೇಲೆ ಆಮೆಯ ಮನೆ. ಆಮೆ ಸಂಡಿಗೆ ಒಣಗಿಸುತ್ತದೆ. ಕೊಕ್ಕರೆ ಒದ್ದೆ ರೆಕ್ಕೆಗಳನ್ನು ಅದರ ಮೇಲೆ ಕೊಡವುತ್ತದೆ. ಜಗಳವಾಗುತ್ತದೆ. ಕೊನೆಗೆ ಕೊಕ್ಕರೆ ಕ್ಷಮೆ ಕೇಳುತ್ತದೆ. ಬರೆಯುವಾಗ ನನ್ನ ಮನಸ್ಸು ಎಲ್ಲಿತ್ತೆಂಬುದನ್ನು ತಾವು ಊಹಿಸಬಹುದು. ಚಿತ್ರ ಬರೆಸಿ ಪುಸ್ತಕ ಮಾಡಿಸುವುದಾಗಿ ಹೇಳಿ ಹೋಟೆಲ್ ಮಾಲೀಕರು ಕಥೆಯನ್ನು ತೆಗೆದುಕೊಂಡರು.

ಮುಂದಿನ ಭಾನುವಾರ ಹೋಟೆಲ್ ಮಾಲೀಕರು ಸಂತೋಷದಿಂದ ಹೇಳಿದರು:

“ಚಿತ್ರಕ್ಕೆ ಜನ ಸಿಕ್ಕಿದ್ರು ಮಾರಾಯ್ರೆ! ಡ್ರಾಯಿಂಗ್ ಟೀಚರ್ ಒಬ್ರು ದಿನಾ ನಮ್ಮಲ್ಲಿ ಚಾಕ್ಕೆ ಬರ್ತಾರೆ. ಕಥೆ ಪೂರ್ತಿ ಮರಾಠಿಯಲ್ಲಿ ಹೇಳಿ ಕೊಟ್ಟಾಯ್ತು. ನಿಮ್ಮ ಬಿಲ್ಡಿಂಗ್‌ನವರೇ ಅಂತೆ, ನಿಮ್ಗೆ ಪರಿಚಯ ಇಲ್ವಾ?”

“ಬರೆದದ್ದು ನಾನು ಅಂತ ಹೇಳಿದ್ರಾ?”

“ಹೇಳ್ಲಿಲ್ಲ. ಅರ್ಧ ಕಥೆಗೇ ಅವರು ‘ಗೊತ್ತಾಯ್ತು, ಗೊತ್ತಾಯ್ತು’ ಅಂದ್ರು.”

ವಹಿನಿಗೆ ನಾನು ಕೊಕ್ಕರೆಯ ವೇಷ ಹಾಕಿ ಮಕ್ಕಳ ಮುಂದೆ ಕ್ಷಮೆ ಕೇಳಿಸಿದಂತಾಗಿತ್ತು. ಇಲ್ಲಿಯವರೆಗೆ ಇದ್ದದ್ದು ಮೌನ ಮಾತ್ರ. ಇನ್ನು ಉಳಿದದ್ದೂ ಮುಗಿಯಿತು ಎಂದುಕೊಂಡೆ. ಕಥೆಯನ್ನು ಹಿಂದಕ್ಕೆ ಪಡೆಯುವ ಉಪಾಯವೂ ಇರಲಿಲ್ಲ.

ಕೆಲವು ವಾರಗಳ ನಂತರ ಚಿತ್ರಗಳು ಬಂದವು. ಪಾಠದ ಕೋಣೆಯಲ್ಲಿ ಒಬ್ಬಳೇ ಕುಳಿತು ಹಾಳೆಗಳನ್ನು ತಿರುವಿದೆ. ಕೊಕ್ಕರೆ ಇತ್ತು, ನೀಲಿ ಹನಿಗಳಿದ್ದವು, ಕತ್ತು ಚಾಚಿ ಕೂಗುವ ಆಮೆಯಿತ್ತು. ಅದಕ್ಕೆ ನನ್ನದೇ ಕನ್ನಡಕವಿತ್ತು. ಜಗಳದ ನಂತರದ ಹಾಳೆಗೆ ನಾನು ಬರೆದಿದ್ದ ವಾಕ್ಯ ಇಷ್ಟೇ: “ಅವರಿಬ್ಬರೂ ಮಾತು ಬಿಟ್ಟರು.” ವಹಿನಿ ಬಿಡಿಸಿದ್ದು ಎರಡು ಮನೆಗಳನ್ನು. ಕೆಳಗೆ ಬರಿಯ ಕಲ್ಲು, ಮೂಲೆಯಲ್ಲಿ ಮಡಿಸಿಟ್ಟ ಪಂಚೆ. ಮೇಲೆ ಕೊಕ್ಕರೆಯ ಮನೆಯ ಒಳಗೆ, ಈ ಗೋಡೆಯಿಂದ ಆ ಗೋಡೆಗೆ ಒಂದು ಹಗ್ಗ. ಹಗ್ಗದ ತುಂಬ ಒದ್ದೆ ಬಟ್ಟೆ, ಕೆಳಗೆ ಹನಿ ಹಿಡಿಯಲು ಬಕೀಟುಗಳು, ಬಟ್ಟೆಗಳ ನಡುವೆ ತಲೆ ತಗ್ಗಿಸಿ ಊಟ ಮಾಡುತ್ತಿರುವ ಕೊಕ್ಕರೆಯ ಸಂಸಾರ.

ಇದನ್ನು ನಾನು ಬರೆದಿರಲಿಲ್ಲ. ಮೇಲಿನ ಗ್ರಿಲ್ಲಿನಿಂದ ಬಹಳ ಕಾಲದಿಂದ ಒಂದು ಹನಿಯೂ ಬಿದ್ದಿರಲಿಲ್ಲ ಎಂಬುದು ಆಗ ನನ್ನ ಬುದ್ಧಿಗೆ ಹೊಳೆಯಿತು. ಆಕೆಗಾಗಿ ನಾನು ಸಂಡಿಗೆ ಬಿಟ್ಟಿದ್ದೆ. ನನಗಾಗಿ ಆಕೆ ಬಿಸಿಲನ್ನೇ ಬಿಟ್ಟಿದ್ದರು.

ಕೆಳಗಿಳಿದು ಹೋಗಿ, “ಕೊನೇ ಹಾಳೆ ಎಲ್ಲಿ?” ಎಂದು ಕೇಳಿದೆ.

“ಕೊಡ್ಲಿಲ್ಲ. ಬರೆದವರೇ ಬಂದು ತಗೊಳ್ಳಲಿ ಅಂದ್ರು,” ಎಂದರು ಹೋಟೆಲ್ ಮಾಲೀಕರು.

ಅಂದು ಸಂಜೆಯೇ ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದ ವಹಿನಿಯ ಹಿಂದೆ ಹಗ್ಗವಿತ್ತು, ಬಕೀಟುಗಳಿದ್ದವು.

“ಕಾಯ್ ಗ, ಏನೇ,” ಎಂದರು, “ಒಂದೇ ಒಂದು ಮಹಡಿ. ಆಮೆಗೆ ಹತ್ತೋಕೆ ಎರಡು ಬೇಸಿಗೆ ಬೇಕಾಯ್ತಾ?”

“ಕೊಕ್ಕರೆಗೆ ರೆಕ್ಕೆ ಇತ್ತಲ್ಲ ವಹಿನಿ, ಇಳಿದು ಬರಬಹುದಿತ್ತು.”

“ಬಂದಿದ್ರೆ ಬಾಗಿಲು ತೆಗೀತಿದ್ಯಾ?”

ಅವರೇ ಕೈ ಹಿಡಿದು ಒಳಗೆ ಕರೆದರು. ಒದ್ದೆ ಟವೆಲ್ಲೊಂದು ನನ್ನ ತಲೆಗೆ ತಾಗಿತು.

“ಒಳಗೆ ಒಣಗಿಸಿದ್ರೆ ವಾಸನೆ ಬರೋದಿಲ್ವಾ?”

“ಬರುತ್ತೆ. ಮಳೆಗಾಲದಲ್ಲಿ ನಮ್ಮವರು ಅಂಗಿಯನ್ನ ಮೂಸಿ ಮೂಸಿ, ದೇವರ ಹೆಸರು ಹೇಳಿ ಹಾಕ್ಕೊಳ್ತಾರೆ.”

“ನನಗೆ ಹೇಳಬಾರದಿತ್ತಾ?”

“ನೀನು ಸಂಡಿಗೆ ನಿಲ್ಲಿಸಿದ್ದನ್ನ ನನಗೆ ಹೇಳಿದ್ಯಾ? ನಾನು ಮೇಲಿಂದ ನೋಡ್ತಾನೇ ಇದ್ದೆ.” ಟವೆಲ್ಲನ್ನು ಪಕ್ಕಕ್ಕೆ ಸರಿಸುತ್ತ ಮೆಲ್ಲಗೆ ಸೇರಿಸಿದರು: “ಊರಿಗೆ ಹೋಗು ಅಂದೆ. ನೀನು ನಿಜವಾಗ್ಲೂ ಹೋದ್ರೆ ನಾನು ಯಾರ ಹತ್ರ ಜಗಳ ಆಡ್ಲಿ?”

ಆಮೇಲೆ ಕೊನೆಯ ಹಾಳೆಯನ್ನು ತಂದು ಮುಂದಿಟ್ಟರು. ಅದು ಇನ್ನೂ ಪೆನ್ಸಿಲಿನಲ್ಲಿತ್ತು, ಬಣ್ಣ ತುಂಬಿರಲಿಲ್ಲ. ಕೊಕ್ಕರೆಯ ಕೊಂಬೆಯ ಮೇಲೆ ಆಮೆಯ ಸಂಡಿಗೆ ಒಣಗುತ್ತಿತ್ತು; ಕೆಳಗೆ ಆಮೆಯ ಕಲ್ಲಿನ ಬಳಿ ಕೊಕ್ಕರೆಯ ಬಟ್ಟೆಗಳು ಹನಿಯುತ್ತಿದ್ದವು.

“ನೀರು ಮೇಲಕ್ಕೆ ಹತ್ತೋದಿಲ್ಲ,” ಎಂದರು ವಹಿನಿ. “ನನ್ನ ಕೊಕ್ಕರೆ ಕ್ಷಮೆ ಗಿಮೆ ಕೇಳೋದಿಲ್ಲ. ಇದಕ್ಕೆ ನೀನು ಹೂಂ ಅಂದ್ರೆ ಬಣ್ಣ ಹಾಕ್ತೀನಿ.”

ಹೂಂ ಎಂದೆ. ಅವರದೇ ಪೆನ್ಸಿಲಿನಿಂದ ನನ್ನ ಕೊನೆಯ ವಾಕ್ಯವನ್ನು ಹೊಡೆದುಹಾಕಿದೆ. ಪುಸ್ತಕದ ಆ ಹಾಳೆಯಲ್ಲಿ ಇಂದಿಗೂ ಮಾತಿಲ್ಲ. ಪಾಠದ ಮಕ್ಕಳು ಅದನ್ನು ನೋಡಿ ತಾವೇ ಮಾತು ಹಾಕಿಕೊಳ್ಳುತ್ತಾರೆ, ಕೆಲವೊಮ್ಮೆ ಕನ್ನಡದಲ್ಲಿ ಕೂಡ.

ಈಗ ಈ ಬರಹವನ್ನು ಬರೆಯುತ್ತಿರುವ ಕಿಟಕಿಯ ಗ್ರಿಲ್ಲಿನಲ್ಲಿ ವಹಿನಿಯ ನೀಲಿ ಸೀರೆ ಹನಿಯುತ್ತಿದೆ. ಮೇಲೆ ನನ್ನ ಸಂಡಿಗೆಗೆ ಅವರು ಕಾಗೆ ಕಾಯುತ್ತಿದ್ದಾರೆ. ಕಾಯುವ ಕೂಲಿಯೆಂದು ಅರೆಬರೆ ಒಣಗಿದ್ದನ್ನು ತಿನ್ನುತ್ತಲೂ ಇದ್ದಾರೆ. ಅವರಿಗೆ ನನ್ನ ಅನಂತ ಕೃತಜ್ಞತೆಗಳು ಸಲ್ಲುತ್ತವೆ.

ನನ್ನ ಕಥೆಯಲ್ಲಿನ ದೊಡ್ಡ ತಪ್ಪನ್ನು ವಹಿನಿ ತಿದ್ದಿಕೊಟ್ಟರು. ಅವರಿಗೆ ಕನ್ನಡ ಓದಲು ಬಾರದ ಕಾರಣ, ಈ ಬರಹದಲ್ಲಿ ಕಂಡುಬರುವ ಉಳಿದ ತಪ್ಪುಗಳನ್ನು ತಾವು ದಯಮಾಡಿ ತಿದ್ದಿಕೊಡಬೇಕೆಂದು ವಿನಂತಿ.