ಹಿಮ್ಮೇಳವಿಲ್ಲದೆ ರೇಡಿಯೊಗೆ ಹೋದ ಪದ

ಹೈದರಾಬಾದಿನ ರೇಡಿಯೊ ನಿಲ್ದಾಣ ಮೊದಲ ಸಲ ಕನ್ನಡ ಮಾತಾಡಿದ ಸಂಜೆ ನಾನು ಕೊಪ್ಪಳದ ಒಬ್ಬ ಹತ್ತಿ ಸಾಹುಕಾರರ ಅಂಗಳದಲ್ಲಿ ಕುಳಿತಿದ್ದೆ. ಎರಡನೆಯ ಮಹಾಯುದ್ಧದ ವರ್ಷಗಳು. ನನಗೆ ತಿಳಿದ ಮಟ್ಟಿಗೆ ಪೇಟೆಯಲ್ಲಿ ಜನಕ್ಕೆ ಕೇಳಸಿಗುತ್ತಿದ್ದ ರೇಡಿಯೊ ಅವರ ಮನೆಯದೊಂದೇ. ಗಂಗಾವತಿಯಲ್ಲಿ ಒಬ್ಬ ಅಕ್ಕಿ ವ್ಯಾಪಾರಿಯ ಮನೆಯಲ್ಲಿ ಇನ್ನೊಂದಿತ್ತು. ಕುಷ್ಟಗಿ, ಯಲಬುರ್ಗಿಯವರು ಕೆಲಸಕ್ಕೆ ಬಂದರೆ ಸಂಜೆಯವರೆಗೆ ನಿಂತು, ಸಾಹುಕಾರರ ಅಂಗಳದಲ್ಲಿ ಒಂದಿಷ್ಟು ಕೇಳಿಕೊಂಡೇ ಹೋಗುತ್ತಿದ್ದರು.

ಅದಕ್ಕೆ ಮೊದಲು ಆ ನಿಲ್ದಾಣ ಹೇಗಿತ್ತೆಂಬುದನ್ನು ಹೇಳಬೇಕು. ನಾವು ಕೇಳತೊಡಗಿದಾಗ ಅಲ್ಲಿ ಹೆಚ್ಚಾಗಿ ಗ್ರಾಮೋಫೋನ್ ತಟ್ಟೆಗಳನ್ನೇ ಹಾಕುತ್ತಿದ್ದರು. ಅವೇ ಗಜಲ್, ಅವೇ ಕವ್ವಾಲಿ. ಯಾವ ತಟ್ಟೆಯಲ್ಲಿ ಮುಳ್ಳು ಎಲ್ಲಿ ಎಡವುತ್ತದೆ ಎಂಬುದೂ ನಮಗೆ ಬಾಯಿಪಾಠವಾಗಿತ್ತು. ಒಂದೆರಡು ವರ್ಷದ ಮೇಲೆ ಗಾಯಕರನ್ನೇ ಕರೆಸಿ ಹಾಡಿಸತೊಡಗಿದರು. ಆಗ ಹಾಡಿನ ಮೊದಲು ಗಂಟಲು ಸರಿಪಡಿಸಿಕೊಳ್ಳುವ ಸದ್ದು, ಶ್ರುತಿ ಸೇರಿಸಲು ತಬಲಾದ ಮೇಲೆ ಸುತ್ತಿಗೆ ತಾಗುವ ಸದ್ದು ಎಲ್ಲ ಕೇಳುತ್ತಿತ್ತು. ಅದೇ ಒಂದು ಹಬ್ಬವಾಗಿತ್ತು. ಭಾಷೆ ಮಾತ್ರ ಉರ್ದುವೇ. ನಾನು ಕಲಿತದ್ದೂ ಉರ್ದುವಿನಲ್ಲಿ, ಶಾಲೆಯಲ್ಲಿ ಕಲಿಸುತ್ತಿದ್ದದ್ದೂ ಉರ್ದುವಿನಲ್ಲಿ. ಆದ್ದರಿಂದ ಸುದ್ದಿ ಬಂದಾಗ ಅಂಗಳದವರಿಗೆ ಅರ್ಥ ಹೇಳುವ ಕೆಲಸ ನನ್ನದಾಗಿತ್ತು. ಹುಬ್ಬಳ್ಳಿ ಕಡೆಯ ಒಂದು ವಾರಪತ್ರಿಕೆಗೆ ನಾನು ಊರ ಸುದ್ದಿ ಕಳಿಸುತ್ತಿದ್ದೆ. ಆ ರೂಢಿಯಿಂದ, ಏನು ಕೇಳಿಸಿತು, ಎಷ್ಟು ಹೊತ್ತು ಕೇಳಿಸಿತು ಎಂಬುದನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದೆ.

ಆ ಸಂಜೆ ಗಜಲ್ ಮುಗಿದ ಮೇಲೆ ಒಬ್ಬ ಗಂಡಸು ಅಚ್ಚ ಕನ್ನಡದಲ್ಲಿ, "ಕೇಳುಗರಿಗೆ ನಮಸ್ಕಾರ" ಎಂದ. ಸಾಹುಕಾರರ ತಾಯಿ ಒಳಗಿನಿಂದ ಓಡಿ ಬಂದರು.

"ಏ ಮಾಸ್ತರ, ಈ ಪೆಟ್ಟಿಗಿ ಇಷ್ಟ ದಿನಾ ಮೂಗಿ ಆಗಿತ್ತೇನೋ? ಇವತ್ತ ಬಾಯಿ ಬಿಟ್ಟೈತಿ ನೋಡು!"

"ಬಾಯಿ ಮೊದ್ಲ ಇತ್ತಬೇ ಅವ್ವಾ. ನಮ್ಮ ಮಾತು ಇವತ್ತ ಬಂತು."

"ಹಂಗಾದ್ರ ಇವತ್ತ ನೀ ಸುಮ್ಮನ ಕುಂದ್ರು. ನನಗ ತಿಳೀತೈತಿ."

ಆತ ಹೇಳಿದ್ದು ಇಷ್ಟು. ನಿಲ್ದಾಣದ ಕಾರ್ಯಕ್ರಮಗಳ ರೀತಿ ಬದಲಾಗಲಿದೆ. ತೆಲುಗು, ಮರಾಠಿ, ಕನ್ನಡ ಮೂರಕ್ಕೂ ವಾರಕ್ಕೆ ಅರ್ಧ ಗಂಟೆ ಸಿಗಲಿದೆ. ಕನ್ನಡದ ಹೊತ್ತಿನಲ್ಲಿ ಆಯಾ ಸೀಮೆಯ ಪದಗಳನ್ನು ಆಯಾ ಸೀಮೆಯವರೇ ಹಾಡಬೇಕು. ಮೊದಲು ಮೂವರನ್ನು ಕರೆಸಿ ಕೇಳಲಾಗುವುದು. ಅವರಲ್ಲಿ ಒಬ್ಬರಿಗೆ ತಿಂಗಳಿಗೊಂದು ಪಾಳಿ ಕಾಯಂ. ಹಾಡುವವರು ಪತ್ರ ಬರೆಯಬಹುದು.

ಮರುದಿನ ಬೆಳಿಗ್ಗೆ ನಾನು ಹಲ್ಲುಜ್ಜುವಷ್ಟರಲ್ಲಿ ಕೊಪ್ಪಳದ ಪಕ್ಕದ ನೇಕಾರರ ಊರು ಭಾಗ್ಯನಗರದಿಂದ ನಾಲ್ಕು ಜನ ಬಂದು ಬಾಗಿಲಲ್ಲಿ ನಿಂತಿದ್ದರು. ಅಲ್ಲಿನ ಭಜನಾ ಮೇಳದವರು. ಮೇಳದ ಮುಂದಾಳು ಒಬ್ಬ ನೇಕಾರ. ನನಗಿಂತ ಹಿರಿಯರು, ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಹುಣ್ಣಿಮೆಗೆ ಹುಲಿಗಿಯ ಗುಡಿಯ ಮುಂದೆ ಅವರು ತತ್ವಪದ ಹಾಡುತ್ತಿದ್ದರೆ ಹೊಳೆ ದಾಟಲು ಬಂದವರು ದೋಣಿ ಹತ್ತುವುದನ್ನು ಮರೆಯುತ್ತಿದ್ದರು. ಆ ಪದಗಳನ್ನು ಅವರ ಗುರು ಬಾಯಿಂದಲೇ ಕಲಿಸಿದ್ದರು. ಎಲ್ಲೂ ಬರೆದಿಟ್ಟಿರಲಿಲ್ಲ.

"ಅರ್ಜಿ ಬರೀರಿ ಮಾಸ್ತರ" ಎಂದರು ಕಾಕಾ. "ನಮ್ಮ ಓಣಿ ಅರ್ಧ ಮಂದಿ ಸೊಲ್ಲಾಪುರಕ್ಕ, ಹೈದರಾಬಾದಿಗೆ ಹೋಗಿ ಗಿರಣಿ ಸೇರ್ಯಾರ. ಅವರ ಮಕ್ಕಳಿಗೆ ಈ ಪದ ಒಂದೂ ಬರಂಗಿಲ್ಲ. ಒಮ್ಮೆ ಕೇಳಿದ್ರ ಮರೀತಾರ. ತಿಂಗಳಾ ತಿಂಗಳಾ ಕಿವಿಗೆ ಬಿದ್ರ ಉಳೀತಾವ್ರಿ."

ನಾನು ಅರ್ಜಿ ಬರೆದೆ. ಒಂದು ತಿಂಗಳಲ್ಲಿ ಕರೆ ಬಂತು. ಗಾಯಕರೊಬ್ಬರೇ ಬರತಕ್ಕದ್ದು, ಹಾರ್ಮೋನಿಯಂ ಪೇಟಿ ಮತ್ತು ತಬಲಾದವರು ಇಲ್ಲಿಯೇ ಇದ್ದಾರೆ ಎಂದಿತ್ತು. ಮೇಳದವರಿಗೆ ಸ್ವಲ್ಪ ಬೇಸರವಾಯಿತು, ಆದರೆ ಕಾಕಾರನ್ನು ರೈಲು ಹತ್ತಿಸಲು ಅವರೇ ದಿಮ್ಮು ಬಾರಿಸುತ್ತ ಮುಂದೆ ನಡೆದರು. ಗುಂತಕಲ್ಲಿನಲ್ಲಿ ಗಾಡಿ ಬದಲಿಸುವುದು ಹೇಗೆಂದು ನಾನು ಮೂರು ಸಲ ಹೇಳಿದೆ. ಹೇಳಬೇಕಾಗಿದ್ದ ಇನ್ನೊಂದು ಮಾತು ನನಗೂ ಹೊಳೆಯಲಿಲ್ಲ, ಯಾರಿಗೂ ಹೊಳೆಯಲಿಲ್ಲ.

ಹಾಡಿನ ದಿನ ಸಾಹುಕಾರರ ಅಂಗಳ ಸಾಲದೆ ಜನ ಕಟ್ಟೆ, ಗೋಡೆ, ಹತ್ತಿಯ ಅಂಡಿಗೆಗಳ ಮೇಲೆಲ್ಲ ಕುಳಿತರು. ಕುಷ್ಟಗಿಯಿಂದ ಒಂದು ಚಕ್ಕಡಿ ಬಂದಿತ್ತು. ಯಲಬುರ್ಗಿಯ ಒಬ್ಬ ಮಾಸ್ತರರು ಬಿಸಿಲಲ್ಲಿ ಸೈಕಲ್ ತುಳಿದು ಬಂದಿದ್ದರು. ರೇಡಿಯೊದ ಬ್ಯಾಟರಿಯನ್ನು ಹತ್ತಿ ಗಿರಣಿಯ ಎಂಜಿನ್ನಿಗೆ ಹಚ್ಚಿ ಎರಡು ದಿನ ತುಂಬಿಸಿದ್ದರು. ಕಾಕಾರ ಹೆಂಡತಿಯನ್ನು, ಅವರಿಗೆ ಎಲ್ಲರೂ ಕಾಕಿ ಎನ್ನುತ್ತಿದ್ದರು, ಸಾಹುಕಾರರ ತಾಯಿ ರೇಡಿಯೊದ ಪಕ್ಕದಲ್ಲೇ ಕೂರಿಸಿಕೊಂಡಿದ್ದರು.

ಹೆಸರು ಹೇಳಿದರು, ಊರು ಹೇಳಿದರು. "ಕೊಪ್ಪಳ" ಎಂಬ ಶಬ್ದ ಬಂದಾಗ ಎದ್ದ ಗದ್ದಲದಲ್ಲಿ ಮುಂದಿನ ಮಾತು ಕೇಳಿಸಲಿಲ್ಲ. ಆಮೇಲೆ ಕಾಕಾರ ದನಿ ಬಂತು. ಅದೇ ದನಿ, ಸ್ವಲ್ಪ ಮೂಗಿನ ಎಳೆತದ, ಎತ್ತರದಲ್ಲಿ ಬಿರಿಯುವ ದನಿ. ಒಂದು ಸಾಲು ಹಾಡಿ ನಿಲ್ಲಿಸಿದರು. ಭಜನೆಯಲ್ಲಿ ಹಾಗೇ. ಮುಂದಾಳು ಒಂದು ಸಾಲು ಹೇಳಿ ಬಿಡುತ್ತಾನೆ, ಹಿಮ್ಮೇಳದವರು ಅದನ್ನೇ ಎತ್ತಿಕೊಂಡು ತಿರುಗಿ ಹೇಳುತ್ತಾರೆ. ಅವರು ಹೇಳುವಾಗ ಮುಂದಾಳು ಬಾಯಿ ತೆರೆಯುವುದಿಲ್ಲ. ಕಾಕಾ ನಿಲ್ಲಿಸಿದ್ದೇ ತಡ, ಅಂಗಳಕ್ಕೆ ಅಂಗಳವೇ ಆ ಸಾಲನ್ನು ಎತ್ತಿಕೊಂಡಿತು. ಮೇಳದವರು ದಿಮ್ಮು, ತಾಳ ತಂದೇ ಇದ್ದರು. ಅವು ಸೇರಿಕೊಂಡವು. ನಮ್ಮದು ಮುಗಿದ ಕೂಡಲೇ ರೇಡಿಯೊದಿಂದ ಎರಡನೆಯ ಸಾಲು ಬಂತು, ಒಂದು ಮಾತ್ರೆಯೂ ಹೆಚ್ಚುಕಡಿಮೆ ಇಲ್ಲ. ನಾವು ಮತ್ತೆ ಎತ್ತಿಕೊಂಡೆವು. ಇಪ್ಪತ್ತು ನಿಮಿಷ ಹೀಗೆಯೇ. ಅಂಥ ಭಜನೆಯನ್ನು ನಾನು ಹುಲಿಗಿಯಲ್ಲೂ ಕೇಳಿರಲಿಲ್ಲ. ನೋಟುಬುಕ್ಕಿನಲ್ಲಿ ಬರೆದೆ: "ಸ್ವರ ಸ್ಪಷ್ಟ. ಎಲ್ಲಿಯೂ ತಡೆ ಇಲ್ಲ."

ಕಾಕಾ ತಿರುಗಿ ಬಂದದ್ದು ಮೂರನೆಯ ದಿನ. ಮುಖ ಬಾಡಿತ್ತು. ಕೈಯಲ್ಲಿ ನಿಲ್ದಾಣದವರು ಕೊಟ್ಟ ಉರ್ದು ಚೀಟಿ ಇತ್ತು. ಅವರ ಮನೆಯಲ್ಲೇ, ಮಗ್ಗದ ಪಕ್ಕ ನಿಂತು ಓದಿದೆ. ಕಂಠ ಉತ್ತಮವಾಗಿದೆ, ಆದರೆ ಗಾಯನದ ನಡುವೆ ಪದೇಪದೇ ಪೂರ್ತಿ ಮೌನ ಉಂಟಾಯಿತು, ಗಾಯಕರು ಪದ ಮರೆತಂತೆ ತೋರಿತು, ಆದ್ದರಿಂದ ಕಾಯಂ ಪಾಳಿಗೆ ಪರಿಗಣಿಸಲಾಗದು ಎಂದಿತ್ತು.

"ಮೌನ?" ಎಂದ ದಿಮ್ಮಿನವ. "ಎಲ್ಲಿ ಮೌನ? ನನ್ನ ಅಂಗೈ ಬಾತು ಹೋಗ್ಯಾವು!"

ನಾನೂ ಸುಮ್ಮನಿರಲಿಲ್ಲ. ನೋಟುಬುಕ್ಕು ತೆಗೆದು, "ನೋಡ್ರಿ ಕಾಕಾ, ಅವತ್ತ ಅಲ್ಲೇ ಕುಂತು ಬರದೀನಿ. ತಡೆ ಇಲ್ಲ. ಅವರು ಸುಳ್ಳ ಬರದಾರ" ಎಂದೆ.

ಕಾಕಾ ತಲೆ ಎತ್ತಲಿಲ್ಲ. "ಅವರು ಬರದಿದ್ದು ಖರೇ ಐತ್ರಿ. ನಾ ಸಾಲು ಬಿಟ್ಟಾಗೆಲ್ಲಾ ಪೇಟಿಯವನೂ ನಿಂದ್ರಿಸ್ತಿದ್ದ. ಅವ ನನ್ನ ಮಾರಿ ನೋಡ್ತಿದ್ದ, ನಾ ಅವನ ಮಾರಿ ನೋಡ್ತಿದ್ದೆ. ಮನಸಿನಾಗ ನಿಮ್ಮ ಪಾಲು ಹೇಳಿಕೊಂಡು ಮುಂದಿನ ಸಾಲು ಎತ್ತೀನಿ. ಇಪ್ಪತ್ತು ವರ್ಷದ ರೂಢಿ. ಗಂಟಲು ತಾನ ನಿಲ್ತೈತಿ."

ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದ ಕಾಕಿ ರಾಟೆ ನಿಲ್ಲಿಸಿದರು.

"ಮಾಸ್ತರ, ಆ ಪೆಟ್ಟಿಗಿ ನಮ್ಮ ದನಿ ಆ ಕಡೆ ಒಯ್ತೈತೇನ್ರಿ?"

"ಇಲ್ಲವಾ. ಅಲ್ಲಿಂದ ಇಲ್ಲಿಗೆ ಅಷ್ಟ."

"ಹಂಗಾದ್ರ ಹಿಮ್ಮೇಳ ಎಲ್ಲಾ ಕೊಪ್ಪಳದಾಗ ಆತು. ಅಲ್ಲಿ ಏನೂ ಆಗಲಿಲ್ಲ. ನೀವೂ ಹಾಡಿದ್ರೇನು?"

ನಾನು ಒಪ್ಪಿಕೊಂಡೆ. ಬಾಯಿ ತುಂಬ ಹಾಡಿದ್ದೆ.

"ಹಾಡಿಕೋತ ಬರದ್ರ ತಡೆ ಎಲ್ಲಿಂದ ಕೇಳಬೇಕ್ರಿ? ಇವರು ಅಲ್ಲಿ ಒಬ್ಬ ಶಾಣ್ಯಾ, ನೀವು ಇಲ್ಲಿ ಒಬ್ಬ ಶಾಣ್ಯಾ!"

ಮೇಳದವರು ಬಿದ್ದು ಬಿದ್ದು ನಕ್ಕರು. ಕಾಕಾ ನಗಲಿಲ್ಲ. ಮೂವರ ಸರದಿ ಮುಗಿಯಲು ಇನ್ನೊಬ್ಬರಷ್ಟೇ ಉಳಿದಿದ್ದರು. ಅವರ ಪಾಳಿ ಬರುವುದರೊಳಗೆ ಏನಾದರೂ ಮಾಡಬೇಕಿತ್ತು.

ಅದೇ ದಿನ ಗಂಗಾವತಿಗೆ ಸೈಕಲ್ ಹೊಡೆದೆ. ಅಲ್ಲಿಯ ರೇಡಿಯೊದ ಮುಂದೆ ಏನಾಯಿತೆಂದು ಯಾರಿಗೂ ಸುಳಿವು ಕೊಡದೆ ಕೇಳಿದೆ. ಅಕ್ಕಿ ವ್ಯಾಪಾರಿ ಗಲ್ಲಾ ಬಿಟ್ಟು ಎದ್ದೇಬಿಟ್ಟ. "ಏನು ಹಾಡ್ಯಾರ್ರಿ ನಿಮ್ಮ ಕಾಕಾ! ನವಲಿಯಿಂದ ಭತ್ತ ತಂದ ಗಾಡಿಯವರು ಇಲ್ಲೇ ಕುಂತಿದ್ರು. ನಾವೆಲ್ಲಾ ಹಿಂದಿಂದ ಹೇಳೀವಿ." ಎರಡು ಊರು, ಒಂದಕ್ಕೊಂದು ಗೊತ್ತಿಲ್ಲದೆ, ಅದೇ ಹೊತ್ತಿಗೆ ಅದೇ ಸಾಲುಗಳನ್ನು ಹಾಡಿದ್ದವು. ತಿರುಗಿ ಬರುವಾಗ ದಾರಿಯುದ್ದಕ್ಕೂ ನಾನು ಎದುರುಗಾಳಿಯನ್ನು ಲೆಕ್ಕಿಸಲಿಲ್ಲ.

ಪತ್ರ ಬರೆದೆ. ಹೊಗಳಿಕೆ ಹಾಕಲಿಲ್ಲ, ದೂರು ಹಾಕಲಿಲ್ಲ. ನಮ್ಮ ಭಜನೆಯ ಕ್ರಮ ಹೀಗಿದೆ, ನಿಮ್ಮ ಕೋಣೆಯಲ್ಲಿ ಮೌನವಾಗಿದ್ದ ಹೊತ್ತಿನಲ್ಲಿ ಕೊಪ್ಪಳದಲ್ಲೂ ಗಂಗಾವತಿಯಲ್ಲೂ ಹೀಗೆ ನಡೆಯಿತು, ಗಾಯಕರು ಒಂದು ಪದವನ್ನೂ ಮರೆತಿಲ್ಲ ಎಂದಷ್ಟೇ ಬರೆದೆ. ಕುಷ್ಟಗಿಯ ಚಕ್ಕಡಿಯವರೂ ಯಲಬುರ್ಗಿಯ ಮಾಸ್ತರರೂ ಕೆಳಗೆ ಸಹಿ ಮಾಡಿದರು. ಸಾಹುಕಾರರ ತಾಯಿ ಹೆಬ್ಬೆಟ್ಟು ಒತ್ತಿ, "ಇದು ಯಾರದಂತ ಬರಿ. ಇಲ್ಲಾಂದ್ರ ಅವರಿಗೆ ಹೆಂಗ ಗೊತ್ತಾಗ್ಬೇಕು?" ಎಂದರು.

ಉತ್ತರ ಬೇಗ ಬಂತು. ಇನ್ನೊಂದು ಅವಕಾಶವಿದೆ, ಹಿಮ್ಮೇಳಕ್ಕೆ ಒಬ್ಬರನ್ನು ಮಾತ್ರ ಕರೆತರಬಹುದು ಎಂದಿತ್ತು. ಒಬ್ಬರು ಎಂದದ್ದೇ ಮೇಳದಲ್ಲಿ ಜಗಳಕ್ಕೆ ಸಾಕಾಯಿತು. ತಾಳದವ ತನ್ನ ದನಿ ದೊಡ್ಡದೆಂದ. ದಿಮ್ಮಿನವ ತಾನು ಹಿರಿಯ ಎಂದ.

"ಅಕಿ ಬರ್ತಾಳ" ಎಂದರು ಕಾಕಾ, ರಾಟೆಯ ಮುಂದಿದ್ದ ಕಾಕಿಯ ಕಡೆ ಕೈ ತೋರಿ. "ಮಗ್ಗದ ಮುಂದ ದಿನಾ ನನಗ ಜೋಡಿ ಹೇಳಾಕಿ ಅಕಿನ."

"ಹೆಣ್ಮಕ್ಕಳು ಪಟ್ಟಣಕ್ಕ ಹೋಗಿ, ಪರಮಂದಿ ಮುಂದ..." ಎಂದು ತಾಳದವ ರಾಗ ಎಳೆದ.

"ಹೋದ ಹುಣ್ಣಿವಿಗೆ ನೀ ತಾಳ ತಪ್ಪಿದಾಗ ಹಿಂದಿಂದ ಪದ ಎತ್ತಿ ಹಾದಿಗೆ ತಂದಾಕಿ ಯಾರೋ ತಮ್ಮಾ?" ಎಂದರು ಕಾಕಿ. ತಾಳದವನ ರಾಗ ಅಲ್ಲಿಗೆ ನಿಂತಿತು.

ಎರಡನೆಯ ಸಲ ಅಂಗಳದಲ್ಲಿ ಒಂದು ಕಟ್ಟಳೆ ಇತ್ತು. ಸಾಹುಕಾರರು ಕಟ್ಟೆಯ ಮೇಲೆ ನಿಂತು ಸಾರಿದರು: "ಇವತ್ತ ಯಾರರ ಬಾಯಿ ಬಿಟ್ಟೀರಿ ಅಂದ್ರ ಅಂಗಳದ ಹೊರಗ! ಅಲ್ಲೇನು ನಡೀತೈತಿ ಕೇಳಬೇಕು." ದಿಮ್ಮು, ತಾಳಗಳನ್ನು ಒಳಕೋಣೆಯಲ್ಲಿ ಇರಿಸಿದರು.

ಕಾಕಾ ಮೊದಲ ಸಾಲು ಹಾಡಿ ನಿಲ್ಲಿಸಿದರು. ನನ್ನ ಗಂಟಲಿಗೆ ಬಂದ ಸಾಲನ್ನು ಹಲ್ಲು ಕಚ್ಚಿ ತಡೆದೆ. ಪಕ್ಕದಲ್ಲಿ ದಿಮ್ಮಿನವ ಬಾಯಿಗೆ ಟವಲು ತುರುಕಿಕೊಂಡಿದ್ದ. ಒಂದು ಕ್ಷಣ ಏನೂ ಬರಲಿಲ್ಲ, ರೇಡಿಯೊದ ಕರಕರ ಮಾತ್ರ. ಯಾರೋ "ಹೇಳವಾ..." ಎಂದು ಪಿಸುಗುಟ್ಟಿದರು. ಆಗ ಕಾಕಿಯ ದನಿ ಬಂತು. ಮೊದಲ ಶಬ್ದ ನಡುಗಿತು, ಎರಡನೆಯದು ನಡುಗಲಿಲ್ಲ. ಸಾಲು ಮುಗಿಯುವಷ್ಟರಲ್ಲಿ ಪೇಟಿಯವ ಅವರ ಹಿಂದೆ ಬಿದ್ದು ಬಾರಿಸುತ್ತಿದ್ದ, ತಬಲಾ ಕುಣಿಯುತ್ತಿತ್ತು. ಇಬ್ಬರೇ ಹಾಡಿದರೂ ಇಡೀ ಓಣಿ ಹಾಡಿದಂತಿತ್ತು. ನಮ್ಮ ಕಾಲುಗಳು ಮಾತ್ರ ನೆಲಕ್ಕೆ ತಾಳ ಹಾಕುತ್ತಿದ್ದವು. ಸಾಹುಕಾರರು ಅದಕ್ಕೆ ಕಟ್ಟಳೆ ಹಾಕಿರಲಿಲ್ಲ.

ಹಾಡು ಮುಗಿದ ಮೇಲೆ ಆ ಕನ್ನಡದ ಗಂಡಸು ಮತ್ತೆ ಮಾತಾಡಿದ. ಮೂವರನ್ನೂ ಕೇಳಿದ್ದಾಗಿದೆ, ಈ ದಂಪತಿಗಳು ಇನ್ನು ಮುಂದೆ ಪ್ರತಿ ತಿಂಗಳೂ ಹಾಡುವರು ಎಂದ. ಅಂಗಳ ಸಿಡಿದೆದ್ದಿತು. ಟೋಪಿ, ರುಮಾಲು ಮೇಲೆ ಹಾರಿದವು. ದಿಮ್ಮಿನವ ಒಳಕೋಣೆಗೆ ನುಗ್ಗಿ ದಿಮ್ಮು ತಂದ. ಆ ಮೇಲೆ ರೇಡಿಯೊದಲ್ಲಿ ಯಾವ ಕಾರ್ಯಕ್ರಮ ಬಂತೋ ನನಗೆ ಇಂದಿಗೂ ಗೊತ್ತಿಲ್ಲ.

ಅವರು ಬರುವ ದಿನ ಸ್ಟೇಷನ್ನಿನಲ್ಲಿ ಭಾಗ್ಯನಗರದ ಜನವೇ ಜನ. ಕಾಕಿ ಮೊದಲು ಇಳಿದರು. ಸಾಹುಕಾರರ ತಾಯಿ ಮುಂದೆ ಬಂದು, "ಹೆಂಗಿತ್ತವಾ ರೇಡಿಯೊದ ಮನಿ?" ಎಂದು ಕೇಳಿದರು.

"ಒಂದ ಖೋಲಿ ಐತ್ರಿ. ಗ್ವಾಡಿಗೆಲ್ಲಾ ದಪ್ಪ ಅರಿವಿ ಬಡದಾರ. ನೇಯ್ಗಿ ಏನೂ ಛಲೋ ಇಲ್ಲ ಬಿಡ್ರಿ" ಎಂದರು ಕಾಕಿ. ಆಮೇಲೆ ಸೆರಗು ಬಿಗಿದುಕೊಂಡು, "ಬರೋ ತಿಂಗಳ ಬ್ಯಾರೆ ಪದ ಹಾಡ್ರಿ ಅಂದಾರ. ಆಯಬೇಕು. ದಾರಿ ಬಿಡ್ರಿ, ಮಗ್ಗದ ಮ್ಯಾಲ ಸೀರಿ ಅರ್ಧಕ್ಕ ನಿಂತೈತಿ" ಎನ್ನುತ್ತ ಜನರ ನಡುವೆ ದಾರಿ ಮಾಡಿಕೊಂಡು ನಡೆದರು.