ದೀಪದಕ್ಕ ಹಚ್ಚಿದ ಸೂರ್ಯ

ಸೂರ್ಯ ಹುಟ್ಟುವುದೂ ಮುಳುಗುವುದೂ ಒಬ್ಬ ಹೆಂಗಸಿನ ಕೈಯಲ್ಲಿತ್ತು ಎಂದರೆ ನಂಬುತ್ತೀರಾ? ನಂಬಲೇಬೇಕು. ಚಂದ್ರಯಾನಿಗಳ ತರಬೇತಿಗೆಂದು ಕಟ್ಟಿದ ದೊಡ್ಡ ಶೆಡ್ಡಿನೊಳಗೆ, ಚಂದ್ರನ ಮೇಲೆ ಕಟ್ಟಲಿರುವ ಮನೆಯ ಮಾದರಿಯೊಂದಿತ್ತು. ಮಾಡಿನ ಮೇಲೆ ಸೋಲಾರ್ ಫಲಕ, ಒಳಗೆ ಬ್ಯಾಟರಿ, ಎದುರಿಗೆ ಸೂರ್ಯನ ಬದಲು ಆಳೆತ್ತರದ ದೀಪ. ಚಂದ್ರನಲ್ಲಿ ಎರಡು ವಾರ ಹಗಲು, ಎರಡು ವಾರ ಇರುಳು. ಅದೇ ಲೆಕ್ಕದಲ್ಲಿ ದೀಪ ಹಚ್ಚಿ ಆರಿಸುವುದು ಅವಳ ಕೆಲಸ. ಎಲ್ಲರ ಬಾಯಲ್ಲೂ ಅವಳು ದೀಪದಕ್ಕ.

“ಏನಕ್ಕಾ, ಸೂರ್ಯಂಗೆ ಟೀ ಆಯ್ತಾ?” ಎಂದು ಕಾವಲುಗಾರ ಕಿಚಾಯಿಸುವನು.

“ಆಯ್ತಪ್ಪ. ನಿನ್ ಹಾಗೆ ಕೂತಲ್ಲೇ ಮುಳುಗಲ್ಲ ನನ್ ಸೂರ್ಯ.”

ಕೊನೆಯ ಪರೀಕ್ಷೆಗೆ ಒಳಗೆ ಹೋದ ಮೂವರಲ್ಲಿ ಅವಳ ಮಗಳೂ ಒಬ್ಬಳು. ಇಡೀ ಇರುಳನ್ನು ಬ್ಯಾಟರಿಯಲ್ಲೇ ಕಳೆದರೆ ಆ ಮೂವರಿಗೇ ಚಂದ್ರನ ಪಯಣ. ನಡುವೆ ಒಂದು ಗಳಿಗೆ ಬೆಳಕು ಬಿದ್ದರೂ ಎಲ್ಲ ಕೆಟ್ಟಂತೆ.

“ಮಗಳಿದ್ದಾಳೆ ಅಂತ ಕರುಳು ಕರಗೀತು, ಜೋಕೆ,” ಎಂದರು ಮೇಲಧಿಕಾರಿ. ಅವಳು ನಕ್ಕಳು.

ಇರುಳು ಮುಗಿಯುತ್ತ ಬಂದಾಗ ಬ್ಯಾಟರಿ ತಳ ಕಂಡಿತು. ಬೀದಿಯಲ್ಲಿ ಸುಡುವ ಮಧ್ಯಾಹ್ನ. ಚಂದ್ರನ ಇರುಳಿನಂತಿರಲೆಂದು ಯಂತ್ರವಿಟ್ಟು ತಣ್ಣಗಾಗಿಸಿದ ಶೆಡ್ಡಿನಲ್ಲಿ ಮೂಳೆ ಕೊರೆಯುವ ಚಳಿ. ಮಾದರಿ ಮನೆಯ ಹೀಟರ್ ಆರಿತ್ತು. ಕಿಟಕಿಯ ಗಾಜಿನಾಚೆ ಮಗಳು ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದಳು. ಬಾಗಿಲು ಬಡಿದರೆ ತೆರೆಯುವವರಿದ್ದರು, ಅವಳು ಬಡಿಯಲಿಲ್ಲ. ಅಮ್ಮನನ್ನು ಕಂಡು, ಬೇಡ ಬೇಡ ಎಂದು ತಲೆಯಾಡಿಸಿದಳು. ಅಮ್ಮನಿಗೆ ಕಂಡದ್ದು ನೀಲಿಗಟ್ಟಿದ ತುಟಿ ಮಾತ್ರ. ಕೈ ತಾನಾಗಿ ಸ್ವಿಚ್ಚಿಗೆ ಹೋಯಿತು.

ಸೂರ್ಯ ಹುಟ್ಟಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮಗಳು ಹೊರಬಂದವಳು ಅಳಲಿಲ್ಲ, ಕೂಗಾಡಲಿಲ್ಲ.

“ಅಮ್ಮಾ, ಹೀಟರ್ ಆರಿಸಿದ್ದು ನಾವೇ. ಗಾಳಿ ಶುದ್ಧ ಮಾಡೋ ಯಂತ್ರಕ್ಕೆ ಕರೆಂಟ್ ಉಳಿಸ್ತಿದ್ವಿ. ಬೆಳಗಾಗೋ ತನಕ ಸಾಕಾಗ್ತಿತ್ತು.”

“ನಡುಗ್ತಿದ್ಯಲ್ಲೇ…”

“ನಡುಗ್ತಿದ್ದೋಳು ನಾನು. ತಡ್ಕೊಳ್ಳಕ್ಕಾಗ್ದೇ ಇದ್ದೋಳು ನೀನು.”

ಬೇರೆ ಮೂವರು ಚಂದ್ರನಲ್ಲಿಗೆ ಹೋದರು. ದೀಪದ ಸ್ವಿಚ್ಚಿಗೆ ಬೀಗ ಬಿತ್ತು, ಕೀಲಿ ಬೇರೆಯವರ ಪಾಲಾಯಿತು. ಅವಳ ಪಾಲಿಗೆ ಉಳಿದದ್ದು ದೀಪದ ಗಾಜು ಒರೆಸುವ ಬಟ್ಟೆ.

“ಏನಕ್ಕಾ, ಅವತ್ತು ಸೂರ್ಯಂಗೆ ಅಷ್ಟೇನು ಅವಸರ?” ಎಂದ ಕಾವಲುಗಾರ. ಮಾತಿಗೆ ಮಾತು ಕೊಡುತ್ತಿದ್ದವಳು ಗಾಜು ಒರೆಸುತ್ತಲೇ ಇದ್ದಳು.

ಮಗಳೀಗ ಬ್ಯಾಟರಿ ರಿಪೇರಿ ಅಂಗಡಿಯಲ್ಲಿದ್ದಾಳೆ. ತಾಯಿ-ಮಗಳದು ಒಂದೇ ಮನೆ, ಒಂದೇ ಒಲೆ, ಮಾತು ಮಾತ್ರ ಉಪ್ಪಿನಷ್ಟು. ಚಳಿಗಾಲದ ಸಂಜೆಗಳಲ್ಲಿ ಮಗಳು ದಣಿದು ಬಂದು ಬಾಗಿಲ ಪಕ್ಕದ ಮಂಚದಲ್ಲಿ ಹಾಗೇ ಒರಗುತ್ತಾಳೆ. ಅಮ್ಮ ಸದ್ದಿಲ್ಲದೆ ಕಂಬಳಿ ತಂದು ಹೊದಿಸುತ್ತಾಳೆ.

ಕಣ್ಣು ತೆರೆಯದೆಯೇ ಮಗಳು ಅದನ್ನು ಕಾಲಿನಿಂದ ಕೆಳಗೆ ತಳ್ಳುತ್ತಾಳೆ.