ಸುಣ್ಣದ ಕಲ್ಲು ಹಿಡಿದು ನಡೆದದ್ದು

ಗೆಳೆಯರೇ, ಇವತ್ತು ಮೂರು ತಾಸು ಬಿಸಿಲಲ್ಲಿ ನಡೆದು, ಹೊರಟ ಬೇವಿನ ಗಿಡಕ್ಕೇ ವಾಪಸು ಬಂದು ಮುಟ್ಟಿದೆ. ಪುಣ್ಯವೆಲ್ಲ ನಮ್ಮ ಸಾಲೆಯ ವ್ಯಾಯಾಮದ ಮಾಸ್ತರರದು. ಬರುವ ರವಿವಾರ ನಲವತ್ತು ಮಕ್ಕಳನ್ನು ಗುಡ್ಡದಾಚೆಯ ಬೀರೇಶ್ವರ ಗುಡಿಗೆ ನಡೆಸಿಕೊಂಡು ಹೋಗುವವರು ಅವರೇ. ದಾರಿಗೆ ಗುರುತು ಮಾಡಿಸಿದ್ದೇನೆ, ನೋಡಿ ಬರೋಣ ಎಂದು ನನ್ನನ್ನು ಎಳೆದೊಯ್ದರು.

“ಸುಣ್ಣ ಹಚ್ಚಿದ ಕಲ್ಲು ಹಿಡಕೊಂಡು ನಡೀರಿ, ಸಾಕು.”

ನಡೆದೆವು. ನೀರು ತೀರಿತು, ನನ್ನ ಚಪ್ಪಲಿ ಕಿತ್ತುಹೋಯಿತು, ಗುಡಿ ಮಾತ್ರ ಕಾಣಲಿಲ್ಲ.

ಬೇವಿನ ಗಿಡದ ಕೆಳಗೆ ಕುರಿ ಕಾಯುತ್ತಿದ್ದ ಮುದುಕ ನಕ್ಕುಬಿಟ್ಟ. “ಮುಂಜಾನೆ ಹೋದವರು ಮತ್ತ ಇಲ್ಲೇ ಬಂದ್ರಲ್ರೀ! ನಮ್ಮೂರಿಗೆ ಪ್ರದಕ್ಷಿಣಿ ಹಾಕಾಕತ್ತೀರೇನು? ನಿಮ್ಮವರು ಸುಣ್ಣ ಹಚ್ಚಿದ್ದು ಹಳೇ ಗಡಿಕಲ್ಲಿಗೆರೀ. ಸುತ್ತ ಎಲ್ಲಾ ಮುಧೋಳ ಸಂಸ್ಥಾನದ ಊರು, ನಡುವ ನಮ್ಮದೊಂದ ಜಮಖಂಡಿದು. ಅದಕ್ಕ ಊರ ಸುತ್ತ ನೆಟ್ಟಿದ್ರು.”

ಎರಡೂ ಸಂಸ್ಥಾನಗಳು ಮುಂಬಯಿ ಸರಕಾರದಲ್ಲಿ ಕರಗಿ ವರ್ಷಗಳೇ ಆದವು. ಅವುಗಳ ಗಡಿಯನ್ನು ಇಂದು ನಾವಿಬ್ಬರೇ ಕಾದು ಬಂದೆವು.

“ಮಾಸ್ತರ, ನೀವು ಮೊದಲ ಒಮ್ಮೆ ನಡದು ನೋಡಿದ್ರೇನು?” ಎಂದು ಕೇಳಿದೆ.

“ಸುಣ್ಣ ಹಚ್ಚಿದ ನಮ್ಮ ಸಾಲಿ ಸಿಪಾಯಿ ನೋಡ್ಯಾನಲ್ರೀ.”

“ಹಂಗಾರ ಮಕ್ಕಳ ಗತಿ?”

“ಕಲ್ಲು ಬರೋಬರಿ ಅದಾವ್ರೀ. ನಿಮಗ ನಡಿಗಿ ರೂಢಿ ಇಲ್ಲ” ಎಂದು ಮಾಸ್ತರರು ಮುಂದಿನ ಕಲ್ಲಿನತ್ತ ಹೊರಟೇಬಿಟ್ಟರು.

ರಾಜರಿಬ್ಬರೂ ಒಂದೊಂದು ಸಹಿ ಹಾಕಿ ರಾಜ್ಯವನ್ನೇ ಬಿಟ್ಟುಕೊಟ್ಟರು. ನಮ್ಮ ಮಾಸ್ತರರಿಗೆ ಒಂದು ಸುಣ್ಣದ ಕಲ್ಲು ಬಿಟ್ಟುಕೊಡಲು ಆಗಲಿಲ್ಲ.